ಸಿಮೆಂಟ್ ಕೊಡದ ಊರಿನ ತೊಲೆ

ಗೋಡೆಯ ಮೇಲೆ, ನನ್ನ ಭುಜದ ಎತ್ತರದಲ್ಲಿ, ಎಂಟಾಣೆ ನಾಣ್ಯದಷ್ಟು ಅಗಲದ ಬಣ್ಣದ ಗುಳ್ಳೆಯೊಂದಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಬಣ್ಣ ಒಡೆದು ಒಳಗಿನಿಂದ ಬಿಳಿ ಪುಡಿ ನನ್ನ ಮಣಿಕಟ್ಟಿನ ಮೇಲೆ ಉದುರಿತು. ನಾಲಿಗೆಯ ತುದಿಗೆ ತಾಗಿಸಿ ನೋಡಿದೆ. ಉಪ್ಪು. ನೆಲದ ನೀರು ಗೋಡೆಯೊಳಗೆ ಅಷ್ಟೆತ್ತರಕ್ಕೆ ಏರಿ, ಹೊರಬರಲು ದಾರಿಯಿಲ್ಲದೆ ನಿಂತಿದೆ ಎಂದು ಅದರ ಅರ್ಥ.

"ಏನ್ ಮೇಡಂ, ಗೋಡೆ ನೆಕ್ತಾ ಇದೀರಲ್ಲ! ಕಾಫಿ ಬೇಕಾದ್ರೆ ತರಿಸ್ತಿದ್ನಲ್ಲ" ಎಂದು ಕೌಂಟರಿನ ಆಚೆಯಿಂದ ಮ್ಯಾನೇಜರ್ ಕೇಳಿದರು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನೂ ನಕ್ಕು ಕೈ ಒರೆಸಿಕೊಂಡೆ.

ಅದು ಹಳೇ ಯಲಹಂಕದ ಪೇಟೆ ಬೀದಿಯಲ್ಲಿದ್ದ ಸಹಕಾರಿ ಬ್ಯಾಂಕಿನ ಕಟ್ಟಡ. ಹಳೆಯ ಕಟ್ಟಡಗಳ ದುರಸ್ತಿ ಮಾಡುವ ಸಣ್ಣ ಕಚೇರಿಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ಹೆಬ್ಬಾಳದಾಚೆಯ ಎತ್ತರದ ರಸ್ತೆ ಹೊಸದಾಗಿ ತೆರೆದಿತ್ತು, ಸುತ್ತಲಿನ ಜಾಗದ ಬೆಲೆ ಏರುತ್ತಿತ್ತು. ಕಟ್ಟಡ ಕೆಡವಿ ನಾಲ್ಕಂತಸ್ತಿನ ಕಾಂಪ್ಲೆಕ್ಸ್ ಎಬ್ಬಿಸಬೇಕೆಂದು ಬ್ಯಾಂಕಿನ ನಿರ್ದೇಶಕರು ಹಟ ಹಿಡಿದಿದ್ದರು. ಬೇಡವೆನ್ನುತ್ತಿದ್ದವರು ಅಧ್ಯಕ್ಷರೊಬ್ಬರೇ. ರಾಜಾನುಕುಂಟೆಯ ಬೇಸಾಯದ ಮನೆತನದವರು. ಈಗ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಮರಳು, ಜಲ್ಲಿ ಮಾರುವ ಅಂಗಡಿ ಇಟ್ಟಿದ್ದರು. ಕೊನೆಗೆ ಎರಡು ಕಡೆಯವರೂ ಒಂದು ಮಾತಿಗೆ ಬಂದರು: ಹೊರಗಿನವರೊಬ್ಬರು ಪರೀಕ್ಷಿಸಿ ವರದಿ ಕೊಡಲಿ, ಸೆಪ್ಟೆಂಬರಿನ ಸರ್ವಸದಸ್ಯರ ಸಭೆಯಲ್ಲಿ ಅದನ್ನು ನೋಡಿ ತೀರ್ಮಾನ ಮಾಡೋಣ. ಆ ವರದಿಯ ಕೆಲಸ ನನ್ನ ಪಾಲಿಗೆ ಬಂತು.

ಆ ಆಗಸ್ಟ್ ಪೂರ್ತಿ ಮೋಡ. ವಿದ್ಯಾರಣ್ಯಪುರದ ನನ್ನ ಕೋಣೆಯಿಂದ ಬಸ್ಸು ಹಿಡಿದು ಬೆಳಿಗ್ಗೆ ಅಲ್ಲಿಗೆ ಹೋಗುತ್ತಿದ್ದೆ. ಮೊದಲ ವಾರ ಬರೀ ಅಳತೆ. ಮುಂದೆ ಕಲ್ಲಿನ ಕಂಬಗಳ ಜಗಲಿ. ಕಿಟಕಿಗಳ ಮೇಲೆ ಚೂಪಾದ ಮರದ ಪಟ್ಟಿಗಳನ್ನು ಜೋಡಿಸಿದ, ಮಂಗಟೋಪಿ ಎಂದು ಕರೆಯುವ ಇಳಿಮಾಡು. ಒಳಗೆ ಒಂದೇ ಉದ್ದನೆಯ ಹಾಲ್, ಅದರ ತುದಿಯಲ್ಲಿ ಕಲ್ಲುಚಪ್ಪಡಿಯ ಭದ್ರತಾ ಕೋಣೆ. ಗೋಡೆ ಇಟ್ಟಿಗೆಯದು, ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಮೇಲೆ ಮದ್ರಾಸ್ ತಾರಸಿ: ಹಾಲಿನ ಅಡ್ಡಕ್ಕೆ ತೇಗದ ದಪ್ಪ ತೊಲೆಗಳು, ಅವುಗಳ ಮೇಲೆ ಸಣ್ಣ ಜಂತೆಗಳು, ಜಂತೆಗಳ ಮೇಲೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಅದರ ಮೇಲೆ ಗಾರೆ. ಇಷ್ಟನ್ನೂ ಹೊರಗಿನಿಂದ ಊಹಿಸಿದೆ. ಕಣ್ಣಿಗೆ ಕಾಣುತ್ತಿದ್ದದ್ದು ಬಿಳಿಯ ಫಾಲ್ಸ್ ಸೀಲಿಂಗ್ ಮತ್ತು ಅದರಲ್ಲಿ ಕೂರಿಸಿದ ಟ್ಯೂಬ್‌ಲೈಟ್‌ಗಳು.

ಕಟ್ಟಡದ ಚರಿತ್ರೆಯನ್ನು ನನಗೆ ಹೇಳಿದವರು ಅಧ್ಯಕ್ಷರು. ಮಧ್ಯಾಹ್ನ ಬಂದು ಜಗಲಿಯ ಬೆಂಚಿನಲ್ಲಿ ಕೂರುತ್ತಿದ್ದರು.

"ಮೊದ್ಲು ಬ್ಯಾಂಕು ಛತ್ರದಾಗಿತ್ತಮ್ಮ. ಸ್ವಂತ ಕಟ್ಟಡ ಬೇಕು ಅಂತ ಎಂಟೂರ್ನೋರು ಸೇರಿದ್ರು. ಇತ್ಲಲ್ಲಿ ಗಾರೆ ಅರೆಯೋ ಗಾಣ ನೋಡಿದ್ರಲ್ಲ, ಕಲ್ಲಿಂದು? ಅದುಕ್ಕೆ ಸರದಿ ಮ್ಯಾಲೆ ಎತ್ತು ಕಟ್ತಿದ್ರು. ತೇಗದ ತೊಲೆ ಯಶವಂತಪುರದ ಗೂಡ್ಸ್ ಶೆಡ್ಗೆ ರೈಲಲ್ ಬಂತು. ಅಲ್ಲಿಂದ ಒಂದೊಂದೂರ್ನೋರು ಒಂದೊಂದ್ ತೊಲೆ ಗಾಡಿಗ್ ಏರ್ಕಂಡ್ ಬಂದ್ರು. ಅದೋ, ಮೂರ್ನೇದು ನಮ್ದು, ರಾಜಾನುಕುಂಟೆದು."

ಬಾಗಿಲಿನಿಂದ ಅವರು ಬೆರಳು ತೋರಿಸಿದ ಕಡೆ ಸೀಲಿಂಗ್ ಮಾತ್ರ ಇತ್ತು. ಆದರೆ ಅದರ ಕೆಳಗೆ ಗೋಡೆಯಲ್ಲಿ ಅರಿಶಿನ ಕುಂಕುಮದ ಗುರುತು ಕಾಣುತ್ತಿತ್ತು. ಆಯುಧಪೂಜೆಯ ದಿನ ಪ್ರತಿ ಊರಿನ ಮನೆತನದವರು ಬಂದು, ತಮ್ಮ ತೊಲೆ ಗೋಡೆ ಸೇರುವ ಜಾಗದ ನೇರಕ್ಕೆ ಕುಂಕುಮ ಇಟ್ಟು ಹೋಗುತ್ತಿದ್ದರು. ತೊಲೆ ಮರೆಯಾದ ಮೇಲೂ ಆ ಪದ್ಧತಿ ತಪ್ಪಿರಲಿಲ್ಲ. ಬೇಸಾಯ ಬಿಟ್ಟು ಸೈಟು, ಅಪಾರ್ಟ್‌ಮೆಂಟು ಎಂದು ತಿರುಗುವ ಮಕ್ಕಳೂ ಕಾರಿನಲ್ಲಿ ಬಂದು ಕುಂಕುಮ ಇಡುತ್ತಿದ್ದರಂತೆ.

"ಈ ಗೋಡೆಗೆ ಸಿಮೆಂಟ್ ಯಾವಾಗ ಬಂತು, ಸರ್?" ಎಂದು ಕೇಳಿದೆ.

ಅವರ ಮುಖ ಅರಳಿತು. "ನಮ್ಮಪ್ಪ ಅಧ್ಯಕ್ಷ ಆಗಿದ್ದಾಗ. ಬ್ಯಾಂಕಿನ ವಜ್ರಮಹೋತ್ಸವ. ಆಗಲೂ ಊರೂರ್ ಪಾಲು. ತೊಲೆ ಬದ್ಲು ಸಿಮೆಂಟು. ಒಬ್ರು ಕೊಟ್ಟಿದ್ಕಿಂತ ಇನ್ನೊಬ್ರು ಒಂದ್ ಮೂಟೆ ಜಾಸ್ತಿ ಕೊಡೋದು! ಗೋಡೆ ಒಳುಗೆ ಒರುಗೆ, ತಾರಸಿ, ಎಲ್ಲಾ ಮೆತ್ತಿದ್ರೂ ಮಿಕ್ಕೋಯ್ತು. ಕೊನೆಗೆ ಕಲ್ಲಿನ ಕಂಬಕ್ಕೂ ಮೆತ್ತಿದ್ರು. ನಮ್ಮಪ್ಪ ನಿಂತ್ಕಂಡ್ ಮಾಡಿಸ್ದ. ಈಗ ನೋಡಿ, ಒಂದ್ ಚೂರ್ ಮಣ್ಣು ಉದ್ರಲ್ಲ."

ಗಾರೆಯ ಗೋಡೆ ನೆಲದ ತೇವವನ್ನು ಹೀರುತ್ತದೆ, ಹಾಗೆಯೇ ಮೈಯಿಂದ ಹೊರಗೆ ಬಿಡುತ್ತದೆ. ಎರಡೂ ಕಡೆ ಸಿಮೆಂಟ್ ಮೆತ್ತಿ, ಮೇಲೆ ಎಣ್ಣೆಬಣ್ಣ ಹೊಡೆದರೆ ತೇವಕ್ಕೆ ಉಳಿಯುವ ದಾರಿ ಮೇಲಕ್ಕೇ. ಮೇಲೆ ಏನಿದೆಯೆಂದರೆ, ಗೋಡೆಯೊಳಗೆ ಹುದುಗಿರುವ ತೊಲೆಗಳ ತುದಿ. ಆದರೆ ಇದು ಓದಿನಿಂದ ಬಂದ ಅನುಮಾನ. ತೊಲೆಯನ್ನು ಮುಟ್ಟಿ ನೋಡದೆ ವರದಿಯಲ್ಲಿ ಬರೆಯುವಂತಿರಲಿಲ್ಲ.

ಮುಟ್ಟಲು ಸೀಲಿಂಗ್ ಬಿಚ್ಚಬೇಕು. ಮ್ಯಾನೇಜರ್ ಒಪ್ಪಲಿಲ್ಲ. "ಕಂಪ್ಯೂಟರ್ ಮೇಲೆ ಧೂಳ್ ಬಿದ್ರೆ ಯಾರ್ ಜವಾಬ್ದಾರಿ ಹೇಳಿ? ಬೋರ್ಡ್‌ನಿಂದ ಲೆಟರ್ ತನ್ನಿ ಮೇಡಂ, ನಾನೇ ಏಣಿ ಹಿಡ್ಕೋತೀನಿ." ಬೋರ್ಡಿನ ಸಭೆ ಒಂದು ಸಲ ಕೋರಂ ಇಲ್ಲದೆ ಮುಂದೆ ಹೋಯಿತು, ಇನ್ನೊಂದು ಸಲ ಯಾರದೋ ಗೃಹಪ್ರವೇಶವೆಂದು. ನಾನು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ, ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ದಿನ ಕಳೆದೆ. ಹಾಲಿನ ಒಳಗಿದ್ದ ಬೆಂಚಿನ ಹಿಂದಿನ ಗೋಡೆ ತಟ್ಟುವಾಗ ಪಿಂಚಣಿಗೆ ಬಂದವರನ್ನು ಸರಿಯಲು ಕೇಳಬೇಕಾಗುತ್ತಿತ್ತು. ಅವರಲ್ಲೊಬ್ಬ ಅಜ್ಜಿ ಮಡಿಲಲ್ಲಿ ದಂಟಿನ ಸೊಪ್ಪು ಬಿಡಿಸುತ್ತಾ ಕೂತಿರುತ್ತಿದ್ದರು.

"ಗೋಡೆಗೆ ನಾಡಿ ನೋಡ್ತೀಯಲ್ಲ, ಬದ್ಕೈತಾ ಸತ್ತೈತಾ ಏಳವ್ವ" ಎಂದರು ಒಮ್ಮೆ.

"ನೋಡ್ತಾ ಇದೀನಿ ಅಜ್ಜಿ" ಎಂದೆ.

ಕೊನೆಗೆ ಅನುಮತಿ ಬಂತು. ಒಂದು ಭಾನುವಾರ ಬಡಗಿಯೊಬ್ಬರನ್ನು ಕರೆದುಕೊಂಡು ಹೋದೆ. ಮ್ಯಾನೇಜರ್ ಬೀಗ ತೆರೆದು, ಕಂಪ್ಯೂಟರುಗಳ ಮೇಲೆ ತಾವೇ ಹಳೆಯ ಬೆಡ್‌ಶೀಟ್ ಹೊದಿಸಿ, ಮಾತಿನಂತೆ ಏಣಿ ಹಿಡಿದು ನಿಂತರು. ಗೋಡೆಯ ಪಕ್ಕದ ಹಲಗೆಗಳನ್ನು ಬಡಗಿ ಒಂದೊಂದಾಗಿ ಇಳಿಸಿದರು. ಮೊದಲು ಬಂದದ್ದು ವಾಸನೆ, ಮುಚ್ಚಿಟ್ಟ ಒದ್ದೆ ಗೋಣಿಯದು.

ನನ್ನ ಬಳಿ ಒಂದು ದಬ್ಬಳ ಇತ್ತು. ಗೋಣಿಚೀಲ ಹೊಲಿಯುವ ದಪ್ಪ ಸೂಜಿ. ಅದಕ್ಕೆ ಮರದ ಹಿಡಿ ಹಾಕಿಸಿಕೊಂಡಿದ್ದೆ. ಗಟ್ಟಿ ತೇಗಕ್ಕೆ ಎಷ್ಟು ಒತ್ತಿದರೂ ಅದು ಅಕ್ಕಿಕಾಳಿನಷ್ಟು ಇಳಿಯುವುದೂ ಕಷ್ಟ. ಮೊದಲನೆಯ ತೊಲೆಯ ತುದಿಯಲ್ಲಿ ಬೆರಳಿನುದ್ದ ಇಳಿಯಿತು. ಎರಡನೆಯದರಲ್ಲೂ ಹಾಗೆಯೇ. ಮೂರನೆಯದರಲ್ಲಿ, ರಾಜಾನುಕುಂಟೆಯ ತೊಲೆಯಲ್ಲಿ, ಹಿಡಿಯವರೆಗೂ ಹೋಯಿತು, ಸದ್ದೇ ಇಲ್ಲದೆ. ಹೊರಗೆ ಎಳೆದಾಗ ತುದಿಗೆ ಕಾಫಿಗಸಿಯಂಥ ಒದ್ದೆ ಮರ ಅಂಟಿತ್ತು. ಆ ತೊಲೆ ಗೋಡೆಯ ಮೇಲೆ ಕೂತಿರಲಿಲ್ಲ. ಸಿಮೆಂಟಿನ ಪದರವೊಂದು ಅದನ್ನು ಹಿಡಿದುಕೊಂಡಿತ್ತು, ಅಷ್ಟೇ. ಸರಿಯಾಗಿ ಅದರ ಕೆಳಗೆ ಪಿಂಚಣಿಯವರ ಬೆಂಚು.

ಒಂದೊಂದಾಗಿ ಎಲ್ಲವೂ ಹಾಗೆಯೇ. ಕೊನೆಯದನ್ನು ಬಿಟ್ಟು. ಭದ್ರತಾ ಕೋಣೆಯ ಪಕ್ಕದ ಆ ತೊಲೆಗೆ ದಬ್ಬಳ ಇಳಿಯಲೇ ಇಲ್ಲ. ಬಡಗಿ ಸುತ್ತಿಗೆಯಿಂದ ತಟ್ಟಿ ನೋಡಿದರು. "ಇದ್ ಮಾತ್ರ ಗಂಟೆ ಹೊಡ್ದಂಗ್ ಹೊಡೀತದಲ್ಲ ಮೇಡಂ. ಇದೇನು ಬೇರೆ ಮರಾನಾ?"

ಮರ ಅದೇ. ಕೆಳಗೆ ಕಬ್ಬಿಣದ ರ‍್ಯಾಕ್ ಇತ್ತು. ಮೂವರೂ ಸೇರಿ ಅದನ್ನು ಸರಿಸಿದೆವು. ಹಿಂದೆ, ತೊಲೆಯ ಎರಡೂ ಪಕ್ಕಕ್ಕೆ ಒಂದೊಂದು ತೋಳಿನಷ್ಟು ಅಗಲ, ನೆಲದಿಂದ ಮೇಲಿನವರೆಗೆ, ಗೋಡೆ ಬರಿದಾಗಿತ್ತು. ಸಿಮೆಂಟಿಲ್ಲ, ಬಣ್ಣವಿಲ್ಲ. ಹಳೆಯ ಗಾರೆ ಮಾತ್ರ, ಕೆನೆಯ ಬಣ್ಣದ್ದು, ಅಂಗೈ ಇಟ್ಟರೆ ಒಣಗಿ ಬೆಚ್ಚಗಿತ್ತು. ಅದರಲ್ಲಿ ಮಾಸಿದ ಒಂದು ಕುಂಕುಮದ ಗುರುತು. ಹೊರಗೆ ಹೋಗಿ ನೋಡಿದೆ. ಗೋಡೆಯ ಆ ಭಾಗ ಹೊರಗೂ ಬರಿದು; ಅಳೆಯುವಾಗ ಅಲ್ಲಿ ಸಿಮೆಂಟ್ ಉದುರಿದೆ ಎಂದುಕೊಂಡು ಬಿಟ್ಟಿದ್ದೆ. ತೊಲೆಯ ಇನ್ನೊಂದು ತುದಿಯಲ್ಲೂ ಹಾಗೆಯೇ ಬಿಟ್ಟಿದ್ದರು.

ಅಧ್ಯಕ್ಷರಿಗೆ ಫೋನ್ ಮಾಡಿದೆ. ಕೂಡಲೇ ಬಂದರು, ಆದರೆ ಏಣಿ ಹತ್ತಲು ಒಪ್ಪಲಿಲ್ಲ. ಬರಿದಾದ ಗೋಡೆ ನೋಡಿ ನಕ್ಕರು.

"ಓ ಇದಾ? ಇದು ಬಾಗಲಗುಂಟೆಯೋರ್ ತೊಲೆ. ಆ ಮನೆ ಯಜಮಾನ ಆ ವರ್ಸ ಸಿಮೆಂಟ್ ಕೊಡ್ಲಿಲ್ಲ. ಅವ್ರ ಪಾಲಿನ್ ಗೋಡೆ ಅಂಗೇ ಬಿಡ್ರೋ, ಬಂದೋರ್ಗೆಲ್ಲಾ ಕಾಣ್ಲಿ ಅಂದ ನಮ್ಮಪ್ಪ. ಆಮೇಲೆ ಆಯಪ್ಪ ಬ್ಯಾಂಕಿನ್ ಕಡಿಗೆ ಬರಾದೇ ಬಿಟ್ಟ." ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಯಾಕಮ್ಮ?"

ಹೇಳಿದೆ. ಉಳಿದ ತೊಲೆಗಳ ಸ್ಥಿತಿ, ಇದು ಉಳಿದದ್ದು ಯಾಕೆ, ಅವರ ತೊಲೆಯೊಳಗೆ ದಬ್ಬಳ ಎಷ್ಟು ಹೋಯಿತು. ಅವರು ಬೆಂಚಿನ ಮೇಲೆ ಕೂರಲು ಹೋದರು. ಅಲ್ಲಿ ಬೇಡ ಸರ್ ಎಂದು ಈಚೆ ಕರೆದೆ.

ಈಚೆ ಬಂದು ಕೇಳಿದರು: "ರಿಪೇರಿ ಆಗಲ್ವಾ?"

"ಆಗುತ್ತೆ. ಕೊಳೆತ ತುದಿ ಕತ್ತರಿಸಿ ಹೊಸ ತೇಗ ಬೆಸೀಬಹುದು. ಸಿಮೆಂಟ್ ಎಲ್ಲಾ ಕಿತ್ತು ಗೋಡೆ ಒಣಗೋಕೆ ಬಿಡ್ಬೇಕು. ಆದ್ರೆ ನಾಳೆಯಿಂದ ಹಾಲ್ ಒಳಗೆ ಯಾರೂ ಇರಬಾರದು, ಸರ್."

"ಅದಿನೈದ್ ದಿನ ತಡೀರಮ್ಮ." ಅವರ ದನಿ ತಗ್ಗಿತು. "ಸರ್ವಸದಸ್ಯರ ಸಭೆ ಆಗೋಗ್ಲಿ. ನೀವು ರಿಪೇರಿ ಪ್ಲಾನ್ ತೋರ್ಸಿ, ನಾನು ಕೈಕಾಲ್ ಇಡ್ದಾದ್ರೂ ಒಪ್ಪಿಸ್ತೀನಿ. ಈಗ್ಲೇ ಬಾಗ್ಲು ಆಕಿದ್ರೆ ಮತ್ತೆ ತೆಗಿಯಾಕ್ ಬಿಡಲ್ಲ ಆ ಡೈರೆಕ್ಟರ್ಗಳು. ಇಷ್ಟ್ ವರ್ಸ ನಿಂತದೆ, ಅದಿನೈದ್ ದಿನ ನಿಲ್ಲಲ್ವಾ?"

ನಿಲ್ಲಬಹುದಿತ್ತು. ಅದೇ ಕಷ್ಟ. ಬೀಳುತ್ತದೆಂದು ಖಚಿತವಾಗಿದ್ದರೆ ನಿರ್ಧಾರ ಸುಲಭವಾಗುತ್ತಿತ್ತು. ಸಂಜೆ ನಮ್ಮ ಕಚೇರಿಯ ಹಿರಿಯ ಮೇಡಂಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ.

"ಮುಚ್ಚಬೇಕು ಅಂತ ಪತ್ರ ಕೊಟ್ಟರೆ ಆಮೇಲೆ ನಿನ್ನ ರಿಪೇರಿ ಡ್ರಾಯಿಂಗ್ ಯಾರೂ ತಿರುಗಿ ನೋಡಲ್ಲ. ಗೊತ್ತಲ್ಲ?" ಎಂದರು.

"ಗೊತ್ತು ಮೇಡಂ."

"ಆ ತೊಲೆ ಮುಟ್ಟಿ ನೋಡಿದವಳು ನೀನು. ನೀನು ಹೇಳಿದ್ದಕ್ಕೆ ನಾನು ಸಹಿ ಹಾಕ್ತೀನಿ."

ತಿಂಗಳ ಮೊದಲ ವಾರ ಅದು, ಪಿಂಚಣಿಯ ದಿನಗಳು. ಸೋಮವಾರ ಆ ಬೆಂಚಿನಲ್ಲಿ ಯಾರು ಕೂರುತ್ತಾರೆಂದು ನನಗೆ ಮುಖ ಸಮೇತ ಗೊತ್ತಿತ್ತು. ಬೆಂಚು ಮಾತ್ರ ಸರಿಸಿದರೆ ಸಾಲದೇ ಎಂದೂ ಯೋಚಿಸಿದೆ. ಆದರೆ ಒಂದು ತೊಲೆ ಜಾರಿದರೆ ಅದರ ಮೇಲಿನ ಜಂತೆ, ಇಟ್ಟಿಗೆ, ಗಾರೆ ಎಲ್ಲ ಒಟ್ಟಿಗೆ ಬರುತ್ತವೆ, ಪಕ್ಕದ ತೊಲೆಯನ್ನೂ ಎಳೆದುಕೊಂಡು. ಪತ್ರ ಬರೆದೆ. ಮೇಡಂ ಸಹಿ ಹಾಕಿದರು. ಸೋಮವಾರ ಜನರನ್ನು ಒಳಗೆ ಬಿಡುವ ಮೊದಲೇ ಮ್ಯಾನೇಜರ್ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿ, ತಲೆಯೆತ್ತಿ ಸೀಲಿಂಗ್ ನೋಡಿ, ಹೊರಗೆ ಬಂದರು.

"ಇಷ್ಟ್ ವರ್ಷ ಇದರ ಕೆಳಗೇ ಊಟ ಮಾಡಿದೀನಲ್ರೀ" ಎಂದರು.

ಬ್ಯಾಂಕು ಎದುರಿನ ಬೇಕರಿಯ ಮೇಲಿನ ಮಹಡಿಗೆ ಹೋಯಿತು. ಮೆಟ್ಟಿಲು ಕಡಿದಾಗಿದ್ದವು. ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಅರ್ಧ ಹತ್ತಿ ಗೋಡೆ ಹಿಡಿದು ನಿಂತದ್ದನ್ನು ಒಂದು ದಿನ ನೋಡಿದೆ. ಹಾಲಿನ ಸೀಲಿಂಗ್ ಪೂರ್ತಿ ಬಿಚ್ಚಿಸಿ ತೊಲೆಗಳ ಕೆಳಗೆ ಕಬ್ಬಿಣದ ಆಸರೆ ಕೊಡಿಸಿದೆವು. ಅಧ್ಯಕ್ಷರು ನನ್ನೊಡನೆ ಮಾತು ಬಿಟ್ಟರು. ಎದುರಾದರೆ ತಲೆ ಆಡಿಸಿ ಹೋಗುತ್ತಿದ್ದರು.

ಸಭೆ ಕಲ್ಯಾಣಮಂಟಪದಲ್ಲಿ ನಡೆಯಿತು. ನಾನು ನಕ್ಷೆಗಳನ್ನು ಪರದೆಯ ಮೇಲೆ ತೋರಿಸಿದೆ. ತುದಿ ಬೆಸೆಯುವ ವಿಧಾನ, ಸಿಮೆಂಟ್ ಕೀಳುವ ಕ್ರಮ, ಮತ್ತೆ ಗಾರೆ ಹಚ್ಚುವುದು. ಗೋಡೆ ಪೂರ್ತಿ ಒಣಗಲು ಎರಡು ಬೇಸಿಗೆ ಬೇಕು ಎಂದಾಗ ಮುಂದಿನ ಸಾಲಿನಿಂದ ನಗು ಬಂತು.

"ಎರಡ್ ಬೇಸ್ಗೆನಾ? ಅಷ್ಟರಲ್ಲಿ ನಾನು ಅಪಾರ್ಟ್‌ಮೆಂಟ್ ಕಟ್ಟಿ, ಮಾರಿ, ಅದು ಸೋರಿ, ಜಗಳಾನೂ ಮುಗ್ದಿರುತ್ತೆ ಮೇಡಂ!" ಎಂದರು ಬಿಲ್ಡರ್ ಆಗಿದ್ದ ನಿರ್ದೇಶಕರೊಬ್ಬರು. ಮಂಟಪವೆಲ್ಲ ನಕ್ಕಿತು.

"ಅಷ್ಟ್ ಗಟ್ಟಿ ಕಟ್ಟಡ ಯಾಕ್ ಕೆಡ್ತು? ಅದ್ ಹೇಳಿ ಮೊದ್ಲು" ಎಂದು ಹಿಂದಿನಿಂದ ಯಾರೋ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ವೇದಿಕೆಯಲ್ಲಿದ್ದ ಅಧ್ಯಕ್ಷರು ಎದ್ದು ನಿಂತರು. ಮೈಕ್ ಹಿಡಿಯಲಿಲ್ಲ. "ನಮ್ ಸಿಮೆಂಟಿಂದ. ನಮ್ಮಪ್ಪ ಮೆತ್ತಿಸ್ದ. ಎಲ್ಲಾ ಊರ್ನೋರೂ ಕೊಟ್ಟಿದ್ರಿ. ಕೊಡದೆ ಇದ್ದೋರ್ ತೊಲೆ ಒಂದೇ ಉಳ್ದಿರಾದು."

ಎಲ್ಲರೂ ಒಟ್ಟಿಗೆ ಶುರು ಮಾಡಿದರು.

"ನಮ್ದು ಜಗಲಿಗೆ ಮಾತ್ರ ಓಗಿದ್ದು, ಗೋಡೆಗಲ್ಲ!"

"ಏಯ್, ನಿಮ್ಮಪ್ಪ ಒಂದ್ ಲೋಡ್ ಇಳಿಸ್ದ ಅಂತ ನೀನೇ ಮೊನ್ನೆ ಕೊಚ್ಕೋತಿದ್ದೆ ಕಣೋ!"

"ನಾವ್ ಕೊಟ್ಟಿದ್ದು ಒಳ್ಳೇ ಕಂಪ್ನಿ ಸಿಮೆಂಟು ಸ್ವಾಮಿ. ಅದ್ರಿಂದ ಕೆಡಕ್ ಸಾಧ್ಯನೇ ಇಲ್ಲ."

ಹೆಂಗಸರ ಸಾಲಿನಿಂದ ನಡುವಯಸ್ಸಿನ ಒಬ್ಬರು ಎದ್ದರು. ಬಾಗಲಗುಂಟೆಯ ಆ ಮನೆಯ ಸೊಸೆ. ದನಿ ಏರಿಸಲಿಲ್ಲ. "ಆ ವರ್ಷ ನಮ್ಮನೇಲಿ ಸಾವಾಗಿತ್ತು. ಅದಕ್ಕೆ ಕೊಡಕ್ಕಾಗ್ಲಿಲ್ಲ. ಯಾರೂ ಬಂದು ಕೇಳ್ಲಿಲ್ಲ. ಸಿಮೆಂಟ್ ಕೊಡದ ಊರು ಅಂತ ನಮ್ಮಾವನ್ನ ಸಾಯೋವರ್ಗೂ ಆಡ್ಕೊಂಡ್ರಿ. ಈಗ ಕಟ್ಟಡ ಇಟ್ಕೊಳ್ಳಿ, ಕೆಡವ್ಕೊಳ್ಳಿ. ಆ ತೊಲೆ ಮಾತ್ರ ನಮಗ್ ಕೊಟ್ಬಿಡಿ. ಕುಂಕುಮ ಇಡಕ್ ಬೇಕು."

"ಅಂಗಾರೆ ನಮ್ ತೊಲೆನೂ ನಮಗ್ ಕೊಡ್ಬೇಕು" ಎಂದರು ಇನ್ನೊಬ್ಬರು. "ನಮ್ದೂ" ಎಂದು ಮತ್ತೊಬ್ಬರು. ಕೆಳಗೆ ಇಳಿಸುವಾಗಲೇ ಅವುಗಳಲ್ಲಿ ಎಷ್ಟೋ ತೊಲೆಗಳ ತುದಿ ಪುಡಿಯಾಗುತ್ತದೆಂದು ನಾನು ಹೇಳಿದೆ. ಯಾರಿಗೂ ಕೇಳಿಸಿದಂತೆ ಕಾಣಲಿಲ್ಲ. ಕಟ್ಟಡ ಕೆಡವುವುದು, ಆಯಾ ಊರಿನ ತೊಲೆ ಆಯಾ ಮನೆತನಕ್ಕೆ ಕೊಡುವುದು ಎಂದು ತೀರ್ಮಾನವಾಯಿತು. ಕೈಗಳು ಮೇಲೆದ್ದವು. ಅಧ್ಯಕ್ಷರ ಎರಡೂ ಕೈ ಮೇಜಿನ ಮೇಲೆಯೇ ಇದ್ದವು.

ಊಟಕ್ಕೆ ಎಲೆ ಹಾಕುತ್ತಿದ್ದರು. ನಾನು ನಕ್ಷೆಗಳನ್ನು ಸುತ್ತಿಕೊಂಡು ಹೊರಟೆ. ಮೆಟ್ಟಿಲಲ್ಲಿ ಅಧ್ಯಕ್ಷರು ಚಪ್ಪಲಿ ಹುಡುಕುತ್ತಿದ್ದರು. ಎಷ್ಟೋ ದಿನಗಳ ಮೇಲೆ ಮಾತಾಡಿದರು.

"ಅದಿನೈದ್ ದಿನ ನಿಂತೇ ನಿಂತಿತ್ತಲ್ಲಮ್ಮ."

"ಆಸರೆ ಕೊಟ್ಟಿದ್ವಿ, ಸರ್."

"ಊಂ" ಎಂದರು. ಚಪ್ಪಲಿ ಸಿಕ್ಕಿತು. ಹೋದರು. ಆಸರೆ ಇಲ್ಲದಿದ್ದರೆ ಏನಾಗುತ್ತಿತ್ತೆಂದು ನನಗೂ ಗೊತ್ತಿರಲಿಲ್ಲ. ಅದು ತಿಳಿಯುವ ದಾರಿಯನ್ನು ನಾನೇ ಮುಚ್ಚಿದ್ದೆ. ಮುಚ್ಚಿದ್ದು ತಪ್ಪೆಂದು ಅನಿಸಲಿಲ್ಲ. ಸರಿಯೆನ್ನುವ ಸಮಾಧಾನವೂ ಬರಲಿಲ್ಲ. ಬಸ್ಸಿನಲ್ಲಿ ವಿದ್ಯಾರಣ್ಯಪುರದವರೆಗೆ ನಕ್ಷೆಯ ಸುರುಳಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ.

ಮರುದಿನ ಬೆಳಿಗ್ಗೆ ಬೇಕರಿಯ ಮೇಲಿನ ಮಹಡಿಗೆ ಹೋಗಿ ಮ್ಯಾನೇಜರ್ ಹತ್ತಿರ ಕೀ ಕೇಳಿದೆ.

"ಎಲ್ಲಾ ಮುಗೀತಲ್ಲ ಮೇಡಂ. ಇನ್ನೇನಿದೆ ಅಳೆಯೋಕೆ?"

"ಯಾವ ತೊಲೆ ಯಾವ ಊರಿಂದು ಅಂತ ನಕ್ಷೆ ಬಾಕಿ ಇದೆ. ಸೀಲಿಂಗ್ ಇತ್ತಲ್ಲ, ಆಗ ಆಗಿರಲಿಲ್ಲ."

ಅವರು ಡ್ರಾಯರಿನಿಂದ ತೆಗೆದು ಕೊಟ್ಟರು. ಹಾಲಿನಲ್ಲಿ ಆಸರೆಗಳ ನಡುವೆ ಏಣಿ ಇಟ್ಟು, ಮೊದಲು ಬಾಗಲಗುಂಟೆಯ ತೊಲೆಯ ಅಗಲ, ದಪ್ಪ, ಉದ್ದ ಬರೆದುಕೊಂಡೆ. ಪಕ್ಕದಲ್ಲಿ ಊರಿನ ಹೆಸರು ಬರೆದೆ. ಜಗಲಿಯಲ್ಲಿ ನೆರಳು ಆಡಿತು. ಅಧ್ಯಕ್ಷರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರಲಿಲ್ಲ.

"ನಮ್ದು ಅಳೆದ್ರಾ?"

"ಇಲ್ಲ ಸರ್. ಈಗ ಅದೇ."

ಅವರು ಜಗಲಿಯ ಬೆಂಚಿನಲ್ಲಿ, ನನಗೆ ಬೆನ್ನು ಮಾಡಿ, ಬೀದಿ ನೋಡುತ್ತಾ ಕೂತರು. ನಾನು ಏಣಿಯನ್ನು ಮೂರನೆಯ ತೊಲೆಯ ಕೆಳಗೆ ತಂದು ಹತ್ತಿದೆ. ಟೇಪಿನ ಕೊಕ್ಕೆ ಅದರ ತುದಿಯಲ್ಲಿ ನಿಲ್ಲಲಿಲ್ಲ. ಸಿಕ್ಕಿಸಿದಾಗಲೆಲ್ಲ ಮರ ಉದುರಿ ಜಾರುತ್ತಿತ್ತು. ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡು ಅಳೆದೆ.